ಗೋರಟಾ ಹತ್ಯಾಕಾಂಡ: ‘ಆದರೆ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ

ಪ್ರತಿ ವರ್ಷ ಸೆಪ್ಟೆಂಬರ್ 17 ಸಮೀಪಿಸುತ್ತಿದ್ದಂತೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಮ್ಮ ಮನೆಗಳ ಮೊಬೈಲುಗಳಿಗೆ ಎರಡು ಬಗೆಯ ಸಂದೇಶಗಳು ಬರತೊಡಗುತ್ತವೆ. ಮೊದಲನೆಯದು ರಜಾಕಾರರ ಕ್ರೌರ್ಯದ ಕಥೆ. ಬೀದರ್ ಜಿಲ್ಲೆಯ ಗೋರಟಾ ಗ್ರಾಮದ ನರಮೇಧವನ್ನು ವರ್ಣಿಸಿ, ಕೊನೆಯಲ್ಲಿ ಇಂದಿನ ಮುಸ್ಲಿಮರತ್ತ ಬೆರಳು ತೋರಿಸಿ ಅದು ಮುಗಿಯುತ್ತದೆ. ಎರಡನೆಯದು ನಮ್ಮವರೇ ಬರೆದು ಹಂಚುವ ಉತ್ತರ. ರಜಾಕಾರರು ತಪ್ಪು ಮಾಡಿದ್ದು ನಿಜ, ಆದರೆ ಪೊಲೀಸ್ ಕಾರ್ಯಾಚರಣೆಯ ನಂತರ ಸಾವಿರಾರು ಮುಸ್ಲಿಮರ ಕೊಲೆಯಾಯಿತಲ್ಲ, ಅದನ್ನು ಯಾರೂ ಏಕೆ ಹೇಳುವುದಿಲ್ಲ ಎಂಬುದು ಅದರ ಸಾರ.

ಈ ಎರಡನೆಯ ಸಂದೇಶದಲ್ಲಿರುವ ಸಂಗತಿ ಸುಳ್ಳಲ್ಲ. ಅದನ್ನು ಇದೇ ಲೇಖನದಲ್ಲಿ ನಾವೂ ಹೇಳಲಿದ್ದೇವೆ. ನಮ್ಮ ತಕರಾರು ಇರುವುದು ನಡುವೆ ಬರುವ ‘ಆದರೆ’ ಎಂಬ ಒಂದೇ ಪದದ ಬಗ್ಗೆ. ಆ ಪದಕ್ಕಿಂತ ಮುಂಚೆ ಗೋರಟಾದ ಸತ್ತವರಿಗೆ ಸಿಗುವುದು ನಾಲ್ಕೇ ಮಾತು. ಆ ಪದದ ನಂತರ ಅವರು ಮರೆಯಾಗಿಬಿಡುತ್ತಾರೆ. ಅಮಾಯಕರ ರಕ್ತದ ವಿಷಯದಲ್ಲಿ ವಿಶ್ವಾಸಿಯೊಬ್ಬನು ಹೀಗೆ ಮಾತಾಡಬಹುದೇ? ಮಾತಾಡಬಾರದು ಎಂಬುದೇ ನಮ್ಮ ನಿಲುವು. ಇದು ರಾಜಕೀಯ ಜಾಣತನದ ಪ್ರಶ್ನೆಯಲ್ಲ, ದೀನಿನ ಪ್ರಶ್ನೆ.

ಗೋರಟಾದಲ್ಲಿ ನಡೆದದ್ದೇನು?

ನಮ್ಮ ಮಕ್ಕಳಲ್ಲಿ ಅನೇಕರಿಗೆ ಈ ಇತಿಹಾಸ ಮೊಬೈಲಿನಿಂದಲ್ಲದೆ ಬೇರೆಲ್ಲಿಂದಲೂ ತಿಳಿದಿಲ್ಲ. ಆದ್ದರಿಂದ ಮೊದಲು ಅದನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ.

1947ರ ಆಗಸ್ಟ್ 15ರಂದು ಭಾರತ ಸ್ವತಂತ್ರವಾದಾಗ ಹೈದರಾಬಾದ್ ಸಂಸ್ಥಾನದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ತೆಲುಗು ಮತ್ತು ಮರಾಠಿ ಪ್ರದೇಶಗಳ ಜೊತೆಗೆ ಬೀದರ್, ಗುಲಬರ್ಗಾ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳೂ ಆ ಸಂಸ್ಥಾನದಲ್ಲಿದ್ದವು. ಪ್ರಜೆಗಳಲ್ಲಿ ನೂರಕ್ಕೆ ಸುಮಾರು 85 ಮಂದಿ ಹಿಂದೂಗಳು. ಅಧಿಕಾರವೂ ಆಯುಧವೂ ಇದ್ದದ್ದು ಬೇರೆಯವರ ಕೈಯಲ್ಲಿ. ತಲೆ ಎಣಿಸಿದರೆ ಅವರು ಬಹುಸಂಖ್ಯಾತರು. ಬಂದೂಕು ಎಣಿಸಿದರೆ ಅವರಿಗೆ ಯಾರೂ ದಿಕ್ಕಿರಲಿಲ್ಲ.

ಮೈಸೂರಿನ ದಿವಾನರಾಗಿ ಕನ್ನಡ ನಾಡಿನ ಪ್ರೀತಿ ಗಳಿಸಿದ್ದ ಸರ್ ಮಿರ್ಜಾ ಇಸ್ಮಾಯಿಲ್ 1946ರಲ್ಲಿ ಹೈದರಾಬಾದಿನ ಪ್ರಧಾನಿಯಾದರು. ದಿಲ್ಲಿಯೊಡನೆ ಮಾತುಕತೆಯ ದಾರಿ ಹಿಡಿಯಬೇಕೆಂಬ ಅವರ ವಿವೇಕ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಗೆ ರುಚಿಸಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ಅವರು ರಾಜೀನಾಮೆ ಕೊಟ್ಟು ಹೊರಟರು. ಲಾತೂರಿನ ವಕೀಲ ಕಾಸಿಂ ರಜ್ವಿ ಮಜ್ಲಿಸ್‌ನ ನಾಯಕನಾಗಿದ್ದ. ‘ಸ್ವಯಂಸೇವಕ’ ಎಂಬ ಅರ್ಥದ ‘ರಜಾಕಾರ’ ಎಂಬ ಹೆಸರಿನ ಸಶಸ್ತ್ರ ದಳವನ್ನು ಅವನು ಬೆಳೆಸಿದ. 1947ರ ಅಕ್ಟೋಬರ್ 27ರಂದು ದಿಲ್ಲಿಗೆ ಹೊರಡಲಿದ್ದ ನಿಜಾಮರ ನಿಯೋಗದ ಮನೆಗಳಿಗೇ ಇವರ ಗುಂಪು ಮುತ್ತಿಗೆ ಹಾಕಿತು. ಆಗಿನ ಪ್ರಧಾನಿ ಛತಾರಿಯ ನವಾಬರು ಹುದ್ದೆ ಬಿಟ್ಟರು. ಸ್ವಂತ ರಾಜನ ದೂತರನ್ನೇ ಮನೆಯಿಂದ ಹೊರಬರಲು ಬಿಡದವರು ಹಳ್ಳಿಯ ಬಡವರನ್ನು ಬಿಟ್ಟಾರೆಯೇ?

ಹಳ್ಳಿಹಳ್ಳಿಗೆ ತಿಂಗಳ ಹಣ ಗೊತ್ತುಮಾಡಿ ವಸೂಲಿ ಮಾಡುವುದು ಅವರ ಪದ್ಧತಿಯಾಯಿತು. ಕೊಟ್ಟ ಊರು ಉಳಿಯುತ್ತಿತ್ತು. ಕೊಡದ ಊರಿಗೆ ಲೂಟಿ, ಬೆಂಕಿ, ಕೊಲೆ, ಹೆಂಗಸರ ಮಾನಭಂಗ. ಇಂದಿನ ಬಸವಕಲ್ಯಾಣ ತಾಲ್ಲೂಕಿನ ಗೋರಟಾ (ಬಿ) ಬಗ್ಗದ ಊರಾಗಿತ್ತು. 1948ರ ಮೇ ತಿಂಗಳಲ್ಲಿ ರಜಾಕಾರರು ಆ ಊರಿಗೆ ನುಗ್ಗಿದರು. ಸುಮಾರು 200 ಜನರನ್ನು ಕೊಂದರು. ಮನೆಗಳನ್ನು ದೋಚಿದರು, ಸುಟ್ಟರು. ಹೈದರಾಬಾದ್ ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಜನ ಅದನ್ನು ಇಂದಿಗೂ ನೆನೆಯುತ್ತಾರೆ.

ಕೊಂದವರ ಬಾಯಲ್ಲಿ ನಮ್ಮ ದೀನಿನ ಹೆಸರಿತ್ತು. ಸತ್ತವರು ಹೊಲದಲ್ಲಿ ದುಡಿದು ಉಣ್ಣುವ ಜನ. ಇಷ್ಟನ್ನು ಹೇಳಿದ ಮೇಲೆ ಒಂದು ಕ್ಷಣ ಸುಮ್ಮನಾಗಬೇಕು. ಮುಂದಿನ ವಾಕ್ಯಕ್ಕೆ ಅವಸರಪಡಬಾರದು.

ನಮ್ಮಲ್ಲಿ ಕೇಳಿಬರುವ ನಾಲ್ಕು ಮಾತುಗಳು

ಒಂದು: ‘ಇದು ನಮ್ಮ ಕಡೆಯ ಇತಿಹಾಸವೇ ಅಲ್ಲ. ಗೋಕಾಕ, ಹುಕ್ಕೇರಿಗಳು ಬೆಳಗಾವಿ ಜಿಲ್ಲೆಯೊಡನೆ ಮುಂಬಯಿ ಪ್ರಾಂತದಲ್ಲಿದ್ದವು. ನಿಜಾಮನೂ ನಮ್ಮನ್ನಾಳಲಿಲ್ಲ, ರಜಾಕಾರನೂ ಘಟಪ್ರಭೆಯ ದಂಡೆಗೆ ಬರಲಿಲ್ಲ.’ ಭೂಗೋಳದ ಮಟ್ಟಿಗೆ ಇದು ಸರಿ. ಆದರೂ ಸಾವಿರಾರು ಮೈಲಿ ದೂರದ ಗಾಜಾದ ಮಗುವಿಗಾಗಿ ನಮ್ಮ ಮಸೀದಿಗಳಲ್ಲಿ ಕಣ್ಣೀರು ಸುರಿಸಿ ದುಆ ಮಾಡುತ್ತೇವೆ, ಮಾಡಲೇಬೇಕು. ಆ ಮಗುವಿನ ನೋವು ನಮ್ಮದಾಗುವುದಾದರೆ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ, ನಮ್ಮದೇ ಕನ್ನಡದಲ್ಲಿ ಅತ್ತು ಸತ್ತ ಗೋರಟಾದ ಮಗುವಿನ ನೋವು ಯಾರದು? ಉಮ್ಮತ್ತಿನ ನೋವಿಗೆ ಗಡಿಯಿಲ್ಲ ಎನ್ನುವವರು ಉಮ್ಮತ್ತಿನ ಹೆಸರಲ್ಲಿ ನಡೆದ ಅನ್ಯಾಯಕ್ಕೆ ಮಾತ್ರ ಮುಂಬಯಿ ಪ್ರಾಂತದ ಗಡಿಕಲ್ಲನ್ನು ಹುಡುಕುವುದು ನ್ಯಾಯವಲ್ಲ.

ಎರಡು: ‘ರಜಾಕಾರರು ಇಸ್ಲಾಮಿನ ಪ್ರತಿನಿಧಿಗಳಲ್ಲ. ಅದು ಕುರ್ಚಿಯ ಜಗಳ.’ ತತ್ತ್ವವಾಗಿ ಇದು ನೂರಕ್ಕೆ ನೂರು ನಿಜ. ಇಷ್ಟು ಹೇಳಿದರೆ ನಮ್ಮ ಕರ್ತವ್ಯ ಮುಗಿಯಿತೇ ಎಂಬುದು ಪ್ರಶ್ನೆ. ಇದಕ್ಕೆ ಪ್ರವಾದಿವರ್ಯರ(ಸ) ಜೀವನವೇ ಉತ್ತರ ಕೊಟ್ಟಿದೆ. ಅದನ್ನು ಮುಂದೆ ನೋಡೋಣ.

ಮೂರು: ‘ಇದನ್ನೆಲ್ಲ ನಾವೇ ಹೇಳಿದರೆ ನಮ್ಮ ವಿರೋಧಿಗಳು ಅದನ್ನೇ ಆಯುಧ ಮಾಡಿಕೊಳ್ಳುತ್ತಾರೆ.’ ಅವರು ಈಗಾಗಲೇ ಮಾಡಿಕೊಂಡಿದ್ದಾರೆ. ನಾವು ಬಾಯಿ ಮುಚ್ಚಿದ್ದರಿಂದ ಆ ಆಯುಧದ ಮೊನೆ ಮೊಂಡಾಗಲಿಲ್ಲ, ಹರಿತವಾಯಿತು. ಸಾಕ್ಷ್ಯವನ್ನು ಅಲ್ಲಾಹನಿಗಾಗಿ ನುಡಿಯಬೇಕು. ಅದು ಸ್ವಂತಕ್ಕೆ, ತಾಯಿತಂದೆಗೆ, ಬಂಧುಗಳಿಗೆ ವಿರುದ್ಧವಾದರೂ ಹಿಂದೆಗೆಯಬಾರದು ಎಂಬುದು ಕುರ್‌ಆನಿನ ಅನ್ನಿಸಾ ಅಧ್ಯಾಯದ ಆಜ್ಞೆ. ವಿರೋಧಿ ಅದನ್ನು ಹೇಗೆ ಬಳಸಿಕೊಂಡಾನು ಎಂದು ಲೆಕ್ಕ ಹಾಕಿ ಸಾಕ್ಷಿ ನುಡಿಯಿರಿ ಎಂಬ ರಿಯಾಯಿತಿ ಅಲ್ಲಿಲ್ಲ. ಒಂದು ಜನಾಂಗದ ಮೇಲಿನ ದ್ವೇಷವು ನಮ್ಮನ್ನು ನ್ಯಾಯದಿಂದ ಜಾರಿಸಬಾರದೆಂದು ಅಲ್‌ಮಾಇದಾ ಅಧ್ಯಾಯವೂ ಎಚ್ಚರಿಸುತ್ತದೆ. ದ್ವೇಷಕ್ಕೇ ಅಲ್ಲಿ ಅನುಮತಿಯಿಲ್ಲವೆಂದಮೇಲೆ ಭಯಕ್ಕೆ ಎಲ್ಲಿಯದು?

ನಾಲ್ಕು: ‘ಅವರು ನಮ್ಮವರನ್ನು ಅದಕ್ಕಿಂತ ಹೆಚ್ಚು ಕೊಂದರು.’ ಇದು ಎಲ್ಲಕ್ಕಿಂತ ಅಪಾಯದ ಮಾತು. ಹೆಣಗಳನ್ನು ತಕ್ಕಡಿಗೆ ಹಾಕಿ ತೂಗುವ ಮಾತು. ಗೋರಟಾದ 200ನ್ನು ಸೆಪ್ಟೆಂಬರಿನ ಸಾವಿರಗಳಿಂದ ಕಳೆದು ಉಳಿದದ್ದನ್ನು ನಮ್ಮ ಖಾತೆಗೆ ಜಮಾ ಮಾಡಿಕೊಳ್ಳುವ ಈ ಲೆಕ್ಕವನ್ನು ಯಾವ ಶರೀಅತ್ತು ಕಲಿಸಿತು? ಅನ್ಯಾಯವಾಗಿ ಒಬ್ಬನನ್ನು ಕೊಂದರೆ ಮನುಕುಲವನ್ನೇ ಕೊಂದಂತೆ ಎಂದು ಬೋಧಿಸುವ ಗ್ರಂಥದವರು ನಾವು. ಹಾಗಾದರೆ ಗೋರಟಾದಲ್ಲಿ ಮನುಕುಲದ ಕೊಲೆ ಇನ್ನೂರು ಬಾರಿ ನಡೆಯಿತು. ಆ ಮೊತ್ತದಿಂದ ಏನನ್ನು ಕಳೆಯುವಿರಿ?

ಬನೂ ಜದೀಮಾ: ಪ್ರವಾದಿವರ್ಯರು(ಸ) ಕಲಿಸಿದ ದಾರಿ

ಹಿಜರಿ 8ನೆಯ ವರ್ಷ, ಮಕ್ಕಾ ವಿಜಯದ ಅನಂತರದ ದಿನಗಳು. ಬನೂ ಜದೀಮಾ ಎಂಬ ಗೋತ್ರದ ಬಳಿಗೆ ಖಾಲಿದ್ ಬಿನ್ ವಲೀದ್(ರ) ಅವರನ್ನು ಪ್ರವಾದಿವರ್ಯರು(ಸ) ಕಳುಹಿಸಿದರು. ಆ ಜನ ಇಸ್ಲಾಮ್ ಸ್ವೀಕರಿಸಿದೆವೆಂದು ಸರಿಯಾದ ಮಾತಿನಲ್ಲಿ ಹೇಳಲು ಬಾರದೆ, ಹಳೆಯ ಮತ ಬಿಟ್ಟೆವು ಎಂಬರ್ಥದ ಮಾತಾಡಿದರು. ಖಾಲಿದ್(ರ) ಅದನ್ನು ಒಪ್ಪದೆ ಅವರಲ್ಲಿ ಕೆಲವರನ್ನು ಕೊಲ್ಲಿಸಿದರು, ಉಳಿದವರನ್ನು ಸೆರೆಹಿಡಿದು ತಮ್ಮ ಸೈನಿಕರಿಗೆ ಹಂಚಿದರು. ತರುವಾಯ ಸೆರೆಯಾಳುಗಳನ್ನೂ ಕೊಲ್ಲುವಂತೆ ಆಜ್ಞೆಯಾಯಿತು. ಆಗ ಅಬ್ದುಲ್ಲಾ ಬಿನ್ ಉಮರ್(ರ) ಅವರು ತಾವೂ ಕೊಲ್ಲುವುದಿಲ್ಲ, ತಮ್ಮ ಸಂಗಡಿಗರೂ ಕೊಲ್ಲುವುದಿಲ್ಲ ಎಂದು ನಿಂತರು. ಸೇನಾನಿಯ ಆಜ್ಞೆಯ ಎದುರು ನಿಂತ ಆ ಯುವಕನ ಹೆಸರು ಬುಖಾರಿಯ ಹದೀಸಿನಲ್ಲಿ ಉಳಿದಿದೆ.

ಸುದ್ದಿ ತಲುಪಿದಾಗ ಪ್ರವಾದಿವರ್ಯರು(ಸ) ಏನು ಮಾಡಿದರು? ಎರಡೂ ಕೈಗಳನ್ನೆತ್ತಿ, ಖಾಲಿದರು ಮಾಡಿದ ಈ ಕೃತ್ಯದಿಂದ ತಾನು ಮುಕ್ತನೆಂದು ಅಲ್ಲಾಹನ ಮುಂದೆ ಎರಡು ಬಾರಿ ನಿವೇದಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಲೀ(ರ) ಅವರ ಕೈಯಲ್ಲಿ ಹಣ ಕೊಟ್ಟು ಆ ಗೋತ್ರದವರಲ್ಲಿಗೆ ಕಳುಹಿಸಿದರು. ಅಲೀ(ರ) ಪ್ರತಿಯೊಬ್ಬ ಸತ್ತವನ ರಕ್ತಪರಿಹಾರವನ್ನು ತೀರಿಸಿದರು, ಹಾಳಾದ ಆಸ್ತಿಯ ಬೆಲೆ ಕೊಟ್ಟರು. ನಾಯಿ ನೀರು ಕುಡಿಯುವ ಪಾತ್ರೆಯ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆಂದು ಸೀರತ್ ಗ್ರಂಥಗಳು ದಾಖಲಿಸಿವೆ. ಎಲ್ಲವನ್ನೂ ಕೊಟ್ಟು ಮಿಕ್ಕ ಹಣವನ್ನೂ, ಗೊತ್ತಿಲ್ಲದೆ ಉಳಿದುಹೋದ ನಷ್ಟವಿದ್ದರೆ ಇರಲಿ ಎಂದು, ಅವರಿಗೇ ಬಿಟ್ಟು ಬಂದರು.

ಬನೂ ಜದೀಮಾದವರು ಅಜ್ಞಾನಕಾಲದಲ್ಲಿ ಕುರೈಶರ ಕೆಲವರನ್ನು ಕೊಂದಿದ್ದರು; ಅವರ ಕೈಯಿಂದ ಸತ್ತವರಲ್ಲಿ ಖಾಲಿದರ(ರ) ಚಿಕ್ಕಪ್ಪನೂ ಇದ್ದನು. ಅಂದರೆ ‘ಆದರೆ’ ಎನ್ನಲು ಅಂದು ಕಾರಣಗಳಿಗೆ ಕೊರತೆಯಿರಲಿಲ್ಲ. ಆ ಗೋತ್ರ ಹಿಂದೆ ಏನು ಮಾಡಿತ್ತೆಂಬುದನ್ನು ಪ್ರವಾದಿವರ್ಯರು(ಸ) ಎತ್ತಲಿಲ್ಲ. ಖಾಲಿದರ(ರ) ಉದ್ದೇಶವನ್ನು ವಿದ್ವಾಂಸರು ದೂಷಿಸುವುದಿಲ್ಲ. ಅದು ತಪ್ಪು ತೀರ್ಮಾನವೆಂದು ವಿವರಿಸುತ್ತಾರೆ, ಅವರು ಮುಂದೆಯೂ ಸೇನಾನಿಯಾಗಿಯೇ ಇದ್ದರು. ಹಾಗಿದ್ದೂ ಆ ಕೃತ್ಯಕ್ಕೆ ಒಂದು ಸಮರ್ಥನೆಯ ಪದವೂ ದೊರೆಯಲಿಲ್ಲ. ಮಹಾನ್ ಸಹಾಬಿಯೊಬ್ಬರ ತಪ್ಪು ತೀರ್ಮಾನಕ್ಕೇ ಸಿಗದ ‘ಆದರೆ’, ಲಾತೂರಿನ ವಕೀಲನೊಬ್ಬನ ಗುಂಪು ಬೇಕೆಂದೇ ಮಾಡಿದ ಕೊಲೆಗಳಿಗೆ ಸಿಗಬೇಕೇ?

ಇದರಲ್ಲಿ ಎರಡು ಹೆಜ್ಜೆಗಳಿವೆ. ಮೊದಲನೆಯದು ಅಲ್ಲಾಹನೆದುರು ಕೃತ್ಯದಿಂದ ದೂರ ಸರಿಯುವುದು. ಎರಡನೆಯದು ನೊಂದವರ ಬಾಗಿಲಿಗೆ ಹೋಗುವುದು. ‘ಅವರು ಇಸ್ಲಾಮಿನ ಪ್ರತಿನಿಧಿಗಳಲ್ಲ’ ಎನ್ನುವವರು ಮೊದಲ ಹೆಜ್ಜೆಯನ್ನಷ್ಟೇ ಇಡುತ್ತಾರೆ. ಎರಡನೆಯ ಹೆಜ್ಜೆಯಿಲ್ಲದ ಮೊದಲನೆಯದು ಸ್ವಂತ ಕೈ ತೊಳೆದುಕೊಳ್ಳುವ ಕೆಲಸ ಮಾತ್ರ.

ಶೋಯೆಬುಲ್ಲಾ ಖಾನ್: ನಾವು ಮರೆತ ಹೆಸರು

ರಜಾಕಾರರ ವಿರುದ್ಧ ಮಾತಾಡಿದರೆ ಕೌಮಿಗೆ ದ್ರೋಹ ಎಂಬ ಭಾವನೆ ಇನ್ನೂ ಕೆಲವರಲ್ಲಿದೆ. ಹೈದರಾಬಾದಿನಲ್ಲೇ ಇದ್ದು, ರಜಾಕಾರರ ಕತ್ತಿಯ ಕೆಳಗೇ ನಿಂತು ಮಾತಾಡಿದ ಮುಸ್ಲಿಮರಿದ್ದರು. ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರಲ್ಲೊಬ್ಬರು. ರಜಾಕಾರರ ದೌರ್ಜನ್ಯವನ್ನು ಅವರು ಖಂಡಿಸಿದರು, ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದರು. ರಜಾಕಾರ ದಳವನ್ನು ವಿಸರ್ಜಿಸಬೇಕೆಂದು ಏಳು ಮಂದಿ ಮುಸ್ಲಿಮ್ ಗಣ್ಯರು ಹೊರಡಿಸಿದ ಹೇಳಿಕೆಯನ್ನು ಪ್ರಕಟಿಸಿದರು. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಪತ್ರಿಕೆಯ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದಾಗ ಅವರ ಮೇಲೆ ದಾಳಿ ನಡೆಯಿತು. ಬರೆಯುವ ಕೈಯನ್ನು ಕತ್ತರಿಸಿ ಕೊಂದರು.

ಅಂದು ಅವರನ್ನು ದ್ರೋಹಿ ಎಂದವರಿದ್ದರು. ಕೌಮಿನ ನಿಜವಾದ ಹಿತೈಷಿ ಯಾರೆಂಬುದು ನಾಲ್ಕು ವಾರಗಳಲ್ಲಿ ಸ್ಪಷ್ಟವಾಯಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು, 17ರಂದು ಹೈದರಾಬಾದ್ ಶರಣಾಯಿತು. ದಿಲ್ಲಿಯವರೆಗೆ ಗೆಲ್ಲುವ ಮಾತಾಡಿದವರ ವೀರತ್ವ ಐದು ದಿನ ಬಾಳಿತು. ಕಾಸಿಂ ರಜ್ವಿ ಸೆರೆಯಾದ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ, 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡ. ಅವನು ಹೊತ್ತಿಸಿದ ಬೆಂಕಿಗೆ ಬೆಲೆ ತೆತ್ತವರು ಪಾಕಿಸ್ತಾನದ ದಾರಿಯೇ ತಿಳಿಯದ ಹಳ್ಳಿಯ ಬಡ ಮುಸ್ಲಿಮರು.

ಮುಸ್ಲಿಮರ ರಕ್ಷಣೆಗಾಗಿ ಎಂದು ಹುಟ್ಟಿದ ದಳವೇ ಮುಸ್ಲಿಮರ ವಿನಾಶಕ್ಕೆ ದಾರಿ ಮಾಡಿತು. ಅನ್ಯಾಯ ಮಾಡುವ ಸಹೋದರನಿಗೂ ನೆರವಾಗಬೇಕು, ಅವನ ಕೈಯನ್ನು ಹಿಡಿದು ತಡೆಯುವುದೇ ಆ ನೆರವು ಎಂಬ ಪ್ರವಾದಿ ವಚನದ ಅರ್ಥ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಆ ಕೈಯನ್ನು ಹಿಡಿಯಲು ಹೋದದ್ದಕ್ಕಾಗಿಯೇ ಶೋಯೆಬುಲ್ಲಾ ಖಾನ್ ತಮ್ಮ ಕೈ ಕಳೆದುಕೊಂಡರು. ನಮ್ಮ ಮದ್ರಸಾಗಳ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು?

ಸೆಪ್ಟೆಂಬರಿನ ರಕ್ತ

ಈಗ ಎರಡನೆಯ ಸತ್ಯವನ್ನು ಹೇಳುವ ಹೊತ್ತು. ಗೋರಟಾಕ್ಕೆ ಉತ್ತರವಾಗಿ ಇದನ್ನು ಹೇಳುತ್ತಿಲ್ಲ. ಇದು ತಾನೇ ಒಂದು ಸಾಕ್ಷ್ಯ.

ನಿಜಾಮರ ಶರಣಾಗತಿಯ ನಂತರ ಸಂಸ್ಥಾನದ ಅನೇಕ ಜಿಲ್ಲೆಗಳಲ್ಲಿ ಮುಸ್ಲಿಮರ ಹತ್ಯೆ ನಡೆಯಿತು. ಅದರ ತನಿಖೆಗೆ ಪಂಡಿತ್ ಸುಂದರ್‌ಲಾಲ್, ಹೈದರಾಬಾದಿನ ‘ಪಯಾಮ್’ ಪತ್ರಿಕೆಯ ಸಂಪಾದಕರಾಗಿದ್ದ ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಪ್ರಧಾನಿ ನೆಹರೂ ಕಳುಹಿಸಿದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಅವರು ಊರೂರು ಸುತ್ತಿದರು. ಅವರ ಅಂದಾಜಿನಂತೆ ಸತ್ತವರು 27,000ದಿಂದ 40,000. ಅತ್ಯಂತ ಹೆಚ್ಚು ಸಾವು ಕಂಡ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್ ಮತ್ತು ನಾಂದೇಡ್ ಜೊತೆಗೆ ನಮ್ಮ ಗುಲಬರ್ಗಾ, ಬೀದರ್ ಸೇರಿದ್ದವು. ಕೆಲವೆಡೆ ಸಮವಸ್ತ್ರದವರೂ ಇದರಲ್ಲಿ ಭಾಗಿಯಾದುದನ್ನು ವರದಿ ಹೇಳಿದೆ. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಇದು ಆ ಸತ್ತವರಿಗೆ ಆದ ಎರಡನೆಯ ಅನ್ಯಾಯ.

ಆ ವರದಿಯನ್ನು ನಮ್ಮವರು ಸಂಖ್ಯೆಗಾಗಿ ಮಾತ್ರ ಉಲ್ಲೇಖಿಸುತ್ತಾರೆ. ಅದರೊಳಗೆ ಇನ್ನೂ ಎರಡು ಸಂಗತಿಗಳಿವೆ. ರಜಾಕಾರರ ವಸೂಲಿ, ಲೂಟಿ, ಕೊಲೆ, ಅತ್ಯಾಚಾರಗಳನ್ನು ಅದು ಮರೆಮಾಚಿಲ್ಲ. ಹಾಗೆಯೇ ಮುಸ್ಲಿಮ್ ನೇಕಾರರನ್ನು ಉಳಿಸಲು ಹಿಂದೂ ನೇಕಾರರು ತಮ್ಮವರ ವಿರುದ್ಧವೇ ನಿಂತು ಪ್ರಾಣ ಕೊಟ್ಟದ್ದನ್ನೂ, ಅಪಹರಣಕ್ಕೊಳಗಾದ ಮುಸ್ಲಿಮ್ ಹೆಣ್ಣುಮಕ್ಕಳನ್ನು ಮರಳಿ ತರಲು ಅನೇಕ ಹಿಂದೂಗಳು ನೆರವಾದದ್ದನ್ನೂ ಅದು ಬರೆದಿದೆ. ಕೈಮಗ್ಗದ ಸದ್ದು ಕೇಳಿ ಬೆಳೆದ ನಮ್ಮ ಬೆಳಗಾವಿ ಸೀಮೆಯವರಿಗೆ ಈ ಮಾತು ಹೆಚ್ಚು ಅರ್ಥವಾಗಬೇಕು. ಆ ನೇಕಾರರು ‘ಗೋರಟಾದಲ್ಲಿ ನಿಮ್ಮವರು ಏನು ಮಾಡಿದರು ಗೊತ್ತೇ’ ಎಂದು ಮಗ್ಗದ ಗೆಳೆಯನನ್ನು ಕೇಳುತ್ತ ಕೂರಲಿಲ್ಲ. ಕತ್ತಿಗೆ ಅಡ್ಡ ಬಂದರು. ‘ಆದರೆ’ ಎನ್ನದೆ ನಮ್ಮವರಿಗಾಗಿ ಸತ್ತವರ ಋಣ ನಮ್ಮ ಮೇಲಿದೆ.

ಗೋರಟಾ ಸೆಪ್ಟೆಂಬರಿನ ಕೊಲೆಗಳನ್ನು ಸಮರ್ಥಿಸುವುದಿಲ್ಲ. ಗುಲಬರ್ಗಾದ ಹಳ್ಳಿಯ ಮುಸ್ಲಿಮ್ ಕೂಲಿಕಾರ ಗೋರಟಾದಲ್ಲಿ ಕತ್ತಿ ಹಿಡಿದವನಲ್ಲ. ಅಂತೆಯೇ ಸೆಪ್ಟೆಂಬರಿನ ಕೊಲೆಗಳೂ ಮೇ ತಿಂಗಳ ಗೋರಟಾವನ್ನು ಅಳಿಸಲಾರವು. ಒಬ್ಬನ ಭಾರವನ್ನು ಇನ್ನೊಬ್ಬನು ಹೊರಲಾರನೆಂಬ ಕುರ್‌ಆನಿನ ನಿಯಮ ಎರಡೂ ಕಡೆಗೆ ಅನ್ವಯಿಸುತ್ತದೆ.

ಸ್ಮಾರಕವೂ ವೇದಿಕೆಯೂ

ಗೋರಟಾದಲ್ಲಿ 2014ರ ಸೆಪ್ಟೆಂಬರ್ 17ರಂದು ಹುತಾತ್ಮರ ಸ್ಮಾರಕಕ್ಕೆ ಅಮಿತ್ ಶಾ ಅಡಿಗಲ್ಲಿಟ್ಟರು. 2023ರ ಮಾರ್ಚ್ 26ರಂದು ಅವರೇ ಅದನ್ನು ಉದ್ಘಾಟಿಸಿ 103 ಅಡಿ ಎತ್ತರದ ಧ್ವಜ ಹಾರಿಸಿದರು. ಸತ್ತವರಿಗೆ ಸ್ಮಾರಕ ಬೇಕು. ಅದನ್ನು ಕಟ್ಟಿದ್ದು ತಪ್ಪಲ್ಲ. ಅಂದಿನ ಸಭೆಯಲ್ಲಿ ಎರಡು ದಿನ ಮೊದಲು ರಾಜ್ಯ ಸಂಪುಟ ರದ್ದುಮಾಡಿದ್ದ ಮುಸ್ಲಿಮರ ಶೇ. 4 ಮೀಸಲಾತಿಯ ವಿಷಯವೂ ಬಂತು, ರದ್ದತಿಯ ಸಮರ್ಥನೆಯೂ ಆಯಿತು. 1948ರಲ್ಲಿ ಸತ್ತ ರೈತನ ಸಮಾಧಿಗೂ 2023ರಲ್ಲಿ ಕಾಲೇಜಿಗೆ ಸೇರಬೇಕಾದ ಮುಸ್ಲಿಮ್ ಹುಡುಗಿಯ ಸೀಟಿಗೂ ಏನು ಸಂಬಂಧ? ಹುತಾತ್ಮರ ಹೆಸರಿನ ಮೇಲೆ ಮತ ಕೇಳುವುದು ಹುತಾತ್ಮರಿಗೂ ಗೌರವವಲ್ಲ. ಈ ಮಾತನ್ನು ಅಂಜದೆ ಹೇಳುತ್ತೇವೆ.

ಹಾಗೆ ಹೇಳುವ ಅರ್ಹತೆ ಯಾರಿಗೆ ಬರುತ್ತದೆ? ಅದೇ ಸತ್ತವರಿಗಾಗಿ ಮೊದಲು ತಲೆಬಾಗಿದವರಿಗೆ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಮುಅತಾ ಯುದ್ಧದಲ್ಲಿ ಜಅಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗಾಗಿ ಅಡಿಗೆ ಮಾಡಲು ಪ್ರವಾದಿವರ್ಯರು(ಸ) ಹೇಳಿದ್ದರು. ಹಾಗಾಗಿ ಇದು ಸುನ್ನತ್ತೂ ಹೌದು, ನಾಡಿನ ರೂಢಿಯೂ ಹೌದು. ಬುತ್ತಿ ಒಯ್ದವಳು ಹೊಸ್ತಿಲಲ್ಲಿ ನಿಂತು, ‘ಹೋದ ವರ್ಷ ನಮ್ಮ ಮನೆಯಲ್ಲೂ ಸಾವಾಗಿತ್ತು, ಆಗ ನೀವು ಬರಲಿಲ್ಲ’ ಎಂದರೆ ಆ ಅನ್ನ ಯಾರ ಗಂಟಲಲ್ಲಿ ಇಳಿದೀತು? ಅವಳ ದೂರು ನಿಜವೇ ಇರಬಹುದು. ಅದನ್ನು ಹೇಳುವ ಜಾಗ ಮಾತ್ರ ಆ ಹೊಸ್ತಿಲಲ್ಲ.

ಇಂದಿನ ಪರೀಕ್ಷೆ

ಇದು ಬರೀ ಹಳೆಯ ಕಥೆಯಲ್ಲ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಕೊಂದರು. ಧರ್ಮ ಕೇಳಿ ಗುಂಡು ಹಾರಿಸಿದರೆಂದು ಬದುಕಿ ಬಂದವರು ಹೇಳಿದರು. ಸತ್ತವರಲ್ಲಿ ಶಿವಮೊಗ್ಗದವರೂ ಬೆಂಗಳೂರಿನವರೂ ಇದ್ದರು. ದೇಶದ ಮಸೀದಿಗಳಲ್ಲಿ ಆ ಶುಕ್ರವಾರ ಖಂಡನೆ ಮೊಳಗಿತು. ಅಲ್‌ಹಮ್ದುಲಿಲ್ಲಾಹ್, ಅದು ಆಗಬೇಕಾದದ್ದೇ. ಪ್ರವಾಸಿಗರನ್ನು ಉಳಿಸಲು ಹೋಗಿ ಪ್ರಾಣ ತೆತ್ತ ಕಾಶ್ಮೀರಿ ಕುದುರೆಯವನ ಕಥೆಯೂ ಮನೆಮನೆಗೆ ತಲುಪಿತು. ಅವನ ಸಾವು ಎಲ್ಲರೂ ನೆನೆಯಬೇಕಾದ ತ್ಯಾಗ. ಆದರೆ ಕೆಲವರ ಸಂದೇಶಗಳಲ್ಲಿ ಅವನೊಬ್ಬನೇ ಉಳಿದು ಮಿಕ್ಕ ಇಪ್ಪತ್ತೈದು ಮಂದಿ ಕಾಣೆಯಾದರು. ಅವನು ಪ್ರಾಣ ಕೊಟ್ಟದ್ದು ಆ ಜನರಿಗಾಗಿ. ಅವರನ್ನು ಮರೆಸಲು ಅವನ ಹೆಸರನ್ನು ಬಳಸುವುದು ಅವನ ತ್ಯಾಗಕ್ಕೇ ಅಪಚಾರ.

ಆ ಮುಂದಿನ ತಿಂಗಳು ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಹೆಸರು ದೇಶದ ಬಾಯಲ್ಲಿ ಬಂತು. ಸೇನೆಯ ಪರವಾಗಿ ಮಾತಾಡಿದ ಕರ್ನಲ್ ಸೋಫಿಯಾ ಕುರೇಶಿ ಅವರ ಗಂಡನ ಊರು ಅದು. ಆ ಮನೆಯ ಮೇಲೆ ದಾಳಿಯಾಗಿದೆ ಎಂಬ ಸುದ್ದಿ ಸಾಮಾಜಿಕ ಜಾಲತಾಣದಲ್ಲಿ ಹರಡಿತು. ಅದು ಸಂಪೂರ್ಣ ಸುಳ್ಳೆಂದು ಬೆಳಗಾವಿ ಪೊಲೀಸರು ಸ್ಪಷ್ಟಪಡಿಸಿದರು. ಸುದ್ದಿಯನ್ನು ಪರೀಕ್ಷಿಸದೆ ನಂಬಬೇಡಿರೆಂದು ಅಲ್‌ಹುಜುರಾತ್ ಅಧ್ಯಾಯ ಎಚ್ಚರಿಸಿದೆ. ನಮ್ಮವರ ಮೇಲಿನ ದಾಳಿಯ ಸುದ್ದಿಯನ್ನು ಸಾಕ್ಷಿಯಿಲ್ಲದೆ ನಂಬುವ ಮನಸ್ಸೇ ಗೋರಟಾದ ವಿಷಯ ಬಂದಾಗ ‘ನಿಜವಾಗಿ ಇನ್ನೂರು ಜನರೇ? ಲೆಕ್ಕ ಎಲ್ಲಿದೆ?’ ಎಂದು ಕೇಳುತ್ತದೆ. ಒಂದು ನೋವಿಗೆ ಒಂದು ಸೇರು, ಇನ್ನೊಂದಕ್ಕೆ ಇನ್ನೊಂದು ಸೇರು. ಅಳತೆಯಲ್ಲಿ ಮೋಸ ಮಾಡುವವರ ಕುರಿತು ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಆ ಎಚ್ಚರಿಕೆ ಅಂಗಡಿಯ ತಕ್ಕಡಿಗೆ ಮಾತ್ರವೆಂದು ಯಾರು ಹೇಳಿದರು?

ನಾವು ಮಾಡಬೇಕಾದುದು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜಮಾಅತ್‌ಗಳ ಹಿರಿಯರಿಗೆ, ಇಮಾಮರಿಗೆ, ತಾಯಂದಿರಿಗೆ ನಮ್ಮ ವಿನಂತಿ ಇಷ್ಟು. ಈ ಸಲದ ಸೆಪ್ಟೆಂಬರ್ 17ಕ್ಕೆ ಹತ್ತಿರದ ಜುಮಾದಲ್ಲಿ ಬನೂ ಜದೀಮಾದ ಪ್ರಸಂಗವನ್ನು ಕನ್ನಡದಲ್ಲಿ ಹೇಳಿರಿ. ಅದರೊಡನೆ ಗೋರಟಾದ ಹೆಸರನ್ನು ಹೇಳಿರಿ, ಅಲ್ಲಿಗೇ ನಿಲ್ಲಿಸಿರಿ. ಮದ್ರಸಾದ ಮಕ್ಕಳಿಗೆ ಶೋಯೆಬುಲ್ಲಾ ಖಾನ್ ಯಾರೆಂದು ತಿಳಿಸಿರಿ. ಸುಂದರ್‌ಲಾಲ್ ವರದಿಯ ಸಂಗತಿಯನ್ನೂ ಕಲಿಸಿರಿ. ಬೇರೊಂದು ದಿನ, ಬೇರೊಂದು ಪಾಠವಾಗಿ, ನೇಕಾರರ ಕಥೆಯನ್ನು ಬಿಡದೆ ಕಲಿಸಿರಿ. ಸಾಧ್ಯವಾದವರು ಗೋರಟಾಕ್ಕೆ ಹೋಗಿ ಬನ್ನಿರಿ. ಬ್ಯಾನರ್ ಬೇಡ, ಭಾಷಣ ಬೇಡ, ಫೋಟೊ ಬೇಡ. ಸಾವಿನ ಮನೆಗೆ ಹೋದವರಂತೆ ಹೋಗಿ, ಆ ಊರಿನ ಹಿರಿಯರ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಕೇಳಿ ಬಂದರೆ ಸಾಕು.

ಇದರಿಂದ ನಾಳೆಯೇ ಆ ಮೊದಲ ಬಗೆಯ ಸಂದೇಶಗಳು ನಿಲ್ಲುತ್ತವೆಂದು ನಾವು ಹೇಳುವುದಿಲ್ಲ. ನಿಲ್ಲಲಿಕ್ಕಿಲ್ಲ. ಅವು ನಿಲ್ಲಲೆಂದು ಈ ಕೆಲಸ ಮಾಡುವುದೂ ಅಲ್ಲ. ನಾಳೆ ಮಹ್ಶರದ ಬಯಲಿನಲ್ಲಿ ಮನುಷ್ಯರ ನಡುವೆ ಮೊದಲು ತೀರ್ಮಾನವಾಗುವುದು ರಕ್ತದ ವ್ಯಾಜ್ಯಗಳೆಂದು ಹದೀಸ್ ತಿಳಿಸುತ್ತದೆ. ಗೋರಟಾದ ಇನ್ನೂರು ಮಂದಿ ಅಲ್ಲಿ ಎದ್ದು ನಿಲ್ಲುವರು. ಬೀದರ್, ಗುಲಬರ್ಗಾದ ಸೆಪ್ಟೆಂಬರಿನ ಸಾವಿರಾರು ಮಂದಿಯೂ ಎದ್ದು ನಿಲ್ಲುವರು. ಅಲ್ಲಿ ಒಂದು ವ್ಯಾಜ್ಯವನ್ನು ಮುಂದೆ ಮಾಡಿ ಇನ್ನೊಂದನ್ನು ವಜಾ ಮಾಡಿಸುವ ವಕೀಲರು ಇರುವುದಿಲ್ಲ. ಇಲ್ಲಿಯೂ ನಾವು ಅಂಥ ವಕಾಲತ್ತನ್ನು ಬಿಟ್ಟುಬಿಡೋಣ.

ಅನ್ಯಾಯವಾಗಿ ಸತ್ತ ಪ್ರತಿಯೊಬ್ಬರ ಮನೆಯವರಿಗೂ ಅಲ್ಲಾಹನು ಸಮಾಧಾನ ನೀಡಲಿ. ನಮ್ಮವರ ವಿರುದ್ಧವಾದರೂ ಸತ್ಯವನ್ನು ನುಡಿಯುವ ಧೈರ್ಯವನ್ನು ನಮ್ಮ ಮಕ್ಕಳಿಗೆ ಅನುಗ್ರಹಿಸಲಿ. ಆಮೀನ್.